ಮುಳ್ಳು ಎಂಟರ ಮೇಲಿತ್ತು

ಹೋದ ತಿಂಗಳು ನಮ್ಮ ಫ್ಯಾಕ್ಟರಿಗೆ ಬೆಳಕು ಅಳೆಯುವವರು ಬಂದಿದ್ದರು. ಹೊಸೂರಿನಲ್ಲಿ ನನಗೆ ಇನ್ಸ್‌ಪೆಕ್ಷನ್ ಕೆಲಸ. ಮೇಜಿನ ಮೇಲೆ ಬರುವ ಸಣ್ಣ ಸಣ್ಣ ಬಿಡಿಭಾಗಗಳಲ್ಲಿ ಗೀರು, ಬಿರುಕು ಇದೆಯೇ ಎಂದು ದಿನವಿಡೀ ಕಣ್ಣಿಟ್ಟು ನೋಡುವುದು. ಆ ಮೇಜಿನ ಮೇಲೆ ಸಾಕಷ್ಟು ಬೆಳಕು ಬೀಳುತ್ತಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ ಹೋಗುತ್ತಾರೆ. ಈ ಸಲ ಬಂದ ಹುಡುಗ ತಮಿಳಿನವನು. ಜೇಬಿನಿಂದ ಒಂದು ಯಂತ್ರ ತೆಗೆದು, "ಅಕ್ಕಾ, ಕೊಂಜಂ ತಳ್ಳಿ ನಿಲ್ಲುಂಗ, ನಿಮ್ ನೆರಳು ಬೀಳ್ತೈತೆ" ಎಂದ. ಯಂತ್ರದ ತಲೆಯ ಮೇಲೆ ಅರ್ಧ ಮೊಟ್ಟೆಯಂಥ ಬಿಳಿಯ ಗುಬುಟು. ನಾನು ಹಿಂದಕ್ಕೆ ಸರಿದೆ. ಅವನು ಒಂದು ಅಂಕಿ ಕೂಗಿದ, ಜೊತೆಗಿದ್ದವನು ತಲೆಯೆತ್ತಿಯೂ ನೋಡದೆ ಬರೆದುಕೊಂಡ. ಅಷ್ಟೇ ನಡೆದದ್ದು. ಆದರೆ ಆಮೇಲೆ ಶಿಫ್ಟ್ ಮುಗಿಯುವವರೆಗೂ ಕೈಯಲ್ಲಿದ್ದ ಒಂದು ಬಿಡಿಭಾಗವೂ ನನಗೆ ಸರಿಯಾಗಿ ಕಾಣಿಸಲಿಲ್ಲ.

ಕೂಗಿದ ಅಂಕಿಯನ್ನು ನೋಡದೆ ನಂಬುವ ಒಬ್ಬ ಮನುಷ್ಯನ ಹತ್ತಿರ ನಾನೂ ಒಂದು ಕಾಲದಲ್ಲಿ ಕೆಲಸ ಮಾಡಿದ್ದೆ. ಕೆಲಮಂಗಲದ ಮುನಿರಾಜಣ್ಣ. ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ ಇತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು, ಹೆಣ್ಣುಮಕ್ಕಳ ಫೋಟೋ ತೆಗೆಯುವಾಗ ಜೊತೆಗೊಂದು ಹೆಣ್ಣಿದ್ದರೆ ಒಳ್ಳೆಯದು ಎಂದು ಅವರು ಕೆಲಸಕ್ಕೆ ಕರೆದರು. ನಮ್ಮೂರಿನಿಂದ ಅಲ್ಲಿಗೆ ಮೂರು ಮೈಲಿ. ಹೋದದ್ದು ಆಷಾಢದಲ್ಲಿ, ಬಿಟ್ಟದ್ದು ಕಾರ್ತಿಕದಲ್ಲಿ. ಐದು ತಿಂಗಳು ಕೂಡ ತುಂಬಲಿಲ್ಲ. ಆ ವರ್ಷ ಮಳೆ ಒಂದರ ಬಾಲ ಹಿಡಿದು ಒಂದು ಬಂತು. ಮೆಟ್ಟಿಲು ಹತ್ತುವಾಗ ಒದ್ದೆ ಗೋಣಿಚೀಲದ ವಾಸನೆಗೆ ಗೊಬ್ಬರದ ಘಾಟು ಸೇರಿ ಮೂಗಿಗೆ ಅಡರುತ್ತಿತ್ತು.

ಮುನಿರಾಜಣ್ಣನಿಗೆ ಲೈಟುಗಳು ಆಗಿಬರುತ್ತಿರಲಿಲ್ಲ. ಮಹಡಿಯ ಬಯಲಿಗೆ ಅರ್ಧ ತಗಡು, ಅರ್ಧ ಬಿಳಿ ಬಟ್ಟೆ ಕಟ್ಟಿ, ಅದರ ಕೆಳಗೆ ಸ್ಟೂಲು ಹಾಕಿ ಕೂರಿಸಿ, ಹಗಲ ಬೆಳಕಿನಲ್ಲೇ ಮುಖ ತೆಗೆಯುತ್ತಿದ್ದರು. ಫಿಲ್ಮಿನ ಕಾಲ ಮುಗಿದಿತ್ತು. ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಆದರೆ ಅದಕ್ಕೆ ಹಳೆಯ ಲೆನ್ಸನ್ನೇ ಸಿಕ್ಕಿಸಿದ್ದರು, ಬೆಳಕನ್ನು ಕ್ಯಾಮೆರಾದ ಪಾಲಿಗೆ ಬಿಟ್ಟಿರಲಿಲ್ಲ. ಬೆಳಕು ಅಳೆಯಲು ಒಂದು ಕೈಮೀಟರ್ ಇತ್ತು. ಅಂಗೈಯಗಲದ್ದು, ತಲೆಯ ಮೇಲೆ ಬಿಳಿಯ ಗುಬುಟು, ಹೊಟ್ಟೆಯಲ್ಲಿ ಅಂಕಿಗಳ ಸಾಲು, ಅದರ ಮೇಲೆ ಓಡಾಡುವ ಒಂದು ಮುಳ್ಳು. ಬ್ಯಾಟರಿ ಇಲ್ಲ. ಬೆಳಕು ಬಿದ್ದರೆ ಮುಳ್ಳು ತಾನಾಗಿ ಏಳುತ್ತದೆ, ಕೈಮುಚ್ಚಿದರೆ ಮಲಗುತ್ತದೆ. ಕನ್ನಡಕದ ಡಬ್ಬಿಯಲ್ಲಿ ಹಳದಿ ಬಟ್ಟೆ ಸುತ್ತಿ ಅದನ್ನು ಬೀರುವಿನೊಳಗೆ ಕತ್ತಲಲ್ಲಿ ಇಡುತ್ತಿದ್ದರು. ಸುಮ್ಮನೆ ಬಿಸಿಲಿಗೆ ಇಟ್ಟರೆ ಅದರ ಕಣ್ಣು ಬೇಗ ಮುದಿಯಾಗುತ್ತದಂತೆ.

"ನೋಡು ರತ್ನ," ಎಂದು ಮೊದಲ ದಿನವೇ ಹೇಳಿದ್ದರು, "ಕ್ಯಾಮೆರಾ ಐತಲ್ಲ, ಅದು ಎಲ್ರನ್ನೂ ಒಂದೇ ಬೂದಿ ಬಣ್ಣ ಮಾಡಕ್ಕೆ ನೋಡ್ತದೆ. ಬಿಳೀ ಶರ್ಟ್ನೋನು ಬಂದ್ರೆ ಹೆದ್ರಿ ಮಕಾನೆಲ್ಲಾ ಕಪ್ ಮಾಡ್ಬುಡ್ತದೆ. ಕರ್ರಗಿರೋರು ಬಂದ್ರೆ ಬೂದಿ ಬಳೀತದೆ. ಈ ಮೀಟರ್ ಯಾರ್ ಮಕಾನೂ ನೋಡಲ್ಲ. ಮಕದ್ ಮ್ಯಾಲೆ ಎಷ್ಟು ಬೆಳ್ಕು ಬಿತ್ತು ಅಂತ ಅಷ್ಟೇ ನೋಡೋದು. ಗೌಡ್ರು ಕೂತ್ರೂ ಅಷ್ಟೇ, ಗೌಡ್ರ ಆಳು ಕೂತ್ರೂ ಅಷ್ಟೇ."

ಮೀಟರನ್ನು ಕೂತವರ ಗಲ್ಲದ ಕೆಳಗೆ ಹಿಡಿಯಬೇಕು. ಗುಬುಟು ಕ್ಯಾಮೆರಾದ ಕಡೆ, ಅಂಕಿಗಳ ಮುಖ ಮೇಲಕ್ಕೆ. ನನ್ನ ನೆರಳು ಅದರ ಮೇಲೆ ಬೀಳಬಾರದು. ಮುಳ್ಳು ನಿಂತ ಅಂಕಿಯನ್ನು ನಾನು ಕೂಗಬೇಕು. ಆ ಅಂಕಿ ಲೆನ್ಸಿನ ಬಾಯಿಯದು: ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದಾಗಿ ತೆರೆಯುತ್ತದೆ, ಬೆಳಕು ಹೆಚ್ಚು ಒಳಬರುತ್ತದೆ. ಮುನಿರಾಜಣ್ಣ ಲೆನ್ಸಿನ ಉಂಗುರವನ್ನು ತುದಿಗೆ ತಿರುಗಿಸಿ, ಅಲ್ಲಿಂದ ಟಕ್ ಟಕ್ ಎಂದು ಎಣಿಸಿಕೊಂಡು ನಿಲ್ಲಿಸುತ್ತಿದ್ದರು. ನಾಲ್ಕಕ್ಕೆ ಒಂದು ಟಕ್, ಎಂಟಕ್ಕೆ ಮೂರು. ಒಂದು ಟಕ್ಕಿಗೆ ಒಂದು ಸ್ಟಾಪ್ ಎನ್ನುತ್ತಿದ್ದರು.

ಎಣಿಸುವುದು ಯಾಕೆ, ಉಂಗುರದ ಮೇಲೆ ಅಂಕಿ ಬರೆದಿದೆಯಲ್ಲ ಎಂದು ಒಂದು ವಾರ ಬೆರಗಾಗಿದ್ದೆ. ಆಮೇಲೆ ಗೊತ್ತಾಯಿತು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರ ಆಕಾರ ಕಾಣುತ್ತಿತ್ತು, ಸಣ್ಣ ಅಂಕಿ ಕಾಣುತ್ತಿರಲಿಲ್ಲ. ತೆಗೆದ ಫೋಟೋವನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡುವವರಂತೆ ನಟಿಸುತ್ತಿದ್ದರು, ಅಷ್ಟೇ. ಗಿರಾಕಿಗಳಿಗೆ ಹೇಳಬೇಡ, ಮದುವೆ ಸುಗ್ಗಿ ಮುಗಿಯಲಿ, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ನನ್ನಿಂದ ಮಾತು ತೆಗೆದುಕೊಂಡರು. ಅಂದಿನಿಂದ ನನ್ನ ಬಾಯಿಯೇ ಅವರ ಕಣ್ಣಾಯಿತು. ನಾನು ಕೂಗಿದ್ದನ್ನು ಅವರು ಎಣಿಸುತ್ತಿದ್ದರು. ಫೋಟೋ ಕೃಷ್ಣಗಿರಿಯ ಲ್ಯಾಬಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿತ್ತು, ಒಂದೂ ಕೆಡುತ್ತಿರಲಿಲ್ಲ.

ಮುಖ ಇದ್ದಂತೆಯೇ ಬರುತ್ತಿದ್ದುದರಿಂದ ಅವರಿಗೆ ಕೆಟ್ಟ ಹೆಸರೂ ಇತ್ತು. ಬಸ್‌ಸ್ಟ್ಯಾಂಡಿನ ಎದುರು ಇನ್ನೊಂದು ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸುಣ್ಣ ಬಳಿದು ಕೊಡುತ್ತಿದ್ದ. ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಇಲ್ಲಿಯೂ ಅದನ್ನೇ ಕೇಳುತ್ತಿದ್ದರು. ಮುನಿರಾಜಣ್ಣ, "ನೋಡಕ್ ಬರೋರು ಫೋಟೋ ಕಟ್ಕೊಂಡ್ ಹೋಗ್ತಾರೇನಮ್ಮಾ? ಹುಡ್ಗೀನ್ ತಾನೆ ಕಟ್ಕೊಳ್ಳೋದು" ಎಂದು ಕಳಿಸಿಬಿಡುತ್ತಿದ್ದರು. ಅರ್ಧ ಜನ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನವನ ಹತ್ತಿರ ಹೋಗುತ್ತಿದ್ದರು.

ನನ್ನ ತಂಗಿ ಪದ್ಮ ಗುಲಾಬಿ ತೋಟದಲ್ಲಿ ಹೂ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು. ನನಗಿಂತ ಚೂಟಿ, ನನಗಿಂತ ಎತ್ತರ, ನನಗಿಂತ ಕಪ್ಪು. ಮೊದಲ ಎರಡನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿ ಆಡಿದ್ದು ನನಗೆ ನೆನಪಿಲ್ಲ. ಅಮ್ಮ ಹಬ್ಬಕ್ಕೊಮ್ಮೆ ಕಡಲೆಹಿಟ್ಟು ಅರಿಶಿನ ಕಲಸಿ ಅವಳ ಮುಖ ಉಜ್ಜುತ್ತಿದ್ದಳು, ಅತ್ತೆಯರು ಕರಿಯಮ್ಮ ಎಂದು ಕರೆಯುತ್ತಿದ್ದರು. ಪದ್ಮ ನಗುತ್ತಲೇ ತಿರುಗಿಸಿ ಕೊಡುತ್ತಿದ್ದಳು: "ನಂದು ಮುದ್ದೆ ಬಣ್ಣ ಕಣತ್ತೆ. ಮುದ್ದೆ ದಿನಾ ಬೇಕು. ಬೆಳ್ಳಗಿರೋ ಅನ್ನ ನೆಂಟ್ರು ಬಂದಾಗ ತಾನೆ?" ನನಗೆ ಸೋದರಮಾವನ ಮಗನೇ ನಿಶ್ಚಯವಾಗಿದ್ದ, ಆದ್ದರಿಂದ ಫೋಟೋ ಕೊಡುವ ಗೊಡವೆ ಇರಲಿಲ್ಲ. ಹುಡುಕಬೇಕಾಗಿದ್ದದ್ದು ಅವಳಿಗೆ. ಆ ವರ್ಷ ಮೂರು ಕಡೆಯವರು ಅವಳ ಫೋಟೋ ನೋಡಿ, ಮನೆಗೇ ಬರದೆ ಬೇಡವೆಂದಿದ್ದರು.

ತೋಟಕ್ಕೆ ರಜೆಯಿದ್ದ ದಿನ ಪದ್ಮ ನನಗೆ ಊಟ ತಂದುಕೊಡಲು ಸ್ಟುಡಿಯೋಗೆ ಬರುತ್ತಿದ್ದಳು. ಬಂದವಳೇ ಮೀಟರ್ ಕೇಳುತ್ತಿದ್ದಳು. ಮುನಿರಾಜಣ್ಣನಿಗೆ ಅವಳೆಂದರೆ ಅಕ್ಕರೆ, ಕೊಡುತ್ತಿದ್ದರು. ತಗಡಿನ ಕೆಳಗೆ, ಬಟ್ಟೆಯ ಕೆಳಗೆ, ಮೆಟ್ಟಿಲ ಬಾಯಲ್ಲಿ ಹಿಡಿದು ಹಿಡಿದು ಅಂಕಿ ಓದುತ್ತಿದ್ದಳು. ಅಂಗೈಯಿಂದ ಮುಚ್ಚಿ ಮುಳ್ಳನ್ನು ಮಲಗಿಸುವುದು, ತೆಗೆದು ಎಬ್ಬಿಸುವುದು. ಓದಲು ಕಲಿಸಿದವಳು ನಾನೇ.

ಹಸ್ತ ಮಳೆಯಲ್ಲಿ ದಲ್ಲಾಳಿ ಚೆನ್ನಪ್ಪ ಒಂದು ಗಂಡು ತಂದ. ಕೃಷ್ಣಗಿರಿಯ ಮಾವಿನ ಮಂಡಿಯೊಂದರಲ್ಲಿ ಬರವಣಿಗೆ ಕೆಲಸ, ಒಳ್ಳೆಯ ಮನೆತನ. ಹೊಸ ಫೋಟೋ ಬೇಕೆಂದರು. ಅವತ್ತು ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

"ನೀನೇ ಆ ಸ್ಟುಡಿಯೋದಾಗಿದ್ದೀಯ. ಒಡಹುಟ್ಟಿದೋಳಿಗೆ ಒಂದೀಟು ಬೆಳ್ಳಗೆ ಬರಂಗ್ ಮಾಡಕ್ಕಾಗಲ್ವೇನೇ?"

"ಮುನಿರಾಜಣ್ಣ ಒಪ್ಪಲ್ಲಮ್ಮ."

"ಅವುನ್ನ್ಯಾಕ್ ಕೇಳ್ತೀಯ? ಅಂಕಿ ಕೂಗೋಳು ನೀನೇ ತಾನೆ? ಸಾವ್ರ ಸುಳ್ಳೇಳಿ ಒಂದು ಮದ್ವೆ ಮಾಡು ಅಂತಾರೆ. ನೀನೊಂದ್ ಹೇಳಿದ್ರೆ ನಿನ್ ನಾಲ್ಗೆ ಬಿದ್ದೋಗ್ತದಾ?"

ಮಧ್ಯಾಹ್ನ ಮೋಡ ತೆಳುವಾಗಿತ್ತು. ಪದ್ಮ ನನ್ನ ಹಸಿರು ಸೀರೆ ಉಟ್ಟು ಸ್ಟೂಲಿನ ಮೇಲೆ ಕೂತಳು. ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಹೊಸ್ತಿಲಿಗೆ ಬಡಿದುಕೊಂಡ ಗಾಯದ ಗೆರೆ, ಮೂಗಿನ ಪಕ್ಕ ಒಂದು ಮಚ್ಚೆ. ನಾನು ಮೀಟರನ್ನು ಅವಳ ಗಲ್ಲದ ಕೆಳಗೆ ಹಿಡಿದೆ. ಮುಳ್ಳು ಎದ್ದು ಎಂಟರ ಮೇಲೆ ನಿಂತಿತು.

"ಎಷ್ಟಮ್ಮಾ?"

"ನಾಲ್ಕಣ್ಣ."

ಮುನಿರಾಜಣ್ಣ ಮುಖವನ್ನು ಮೇಲಕ್ಕೆತ್ತಿ, ಬೆಳಕಿಗೆ ಕೆನ್ನೆ ಒಡ್ಡಿದರು. "ನಾಲ್ಕಾ? ನನ್ ಮೈಗೆ ಎಂಟು ಅನ್ನಂಗ್ ಐತೆ. ಇನ್ನೊಂದ್ಸಲ ನೋಡು."

ಇನ್ನೊಂದು ಸಲ ನೋಡಿದೆ. ಎಂಟೇ. "ನಾಲ್ಕೇ ಅಣ್ಣ. ಮೋಡ ಅಲ್ವಾ."

"ಹಂಗಾದ್ರೆ ಸರಿ ಬುಡು," ಎಂದರು. ಲೆನ್ಸಿನ ಉಂಗುರ ಒಂದೇ ಸಲ ಟಕ್ ಎಂದಿತು.

ಮೂರು ದಿನದ ಮೇಲೆ ಲ್ಯಾಬಿನ ಲಕೋಟೆ ಬಂತು. ನಾನೇ ಒಡೆದೆ. ಬೆಳ್ಳಗಿನ ಒಂದು ಹುಡುಗಿ. ಗಾಯದ ಗೆರೆ ಅಳಿಸಿತ್ತು, ಮಚ್ಚೆ ಮಾಸಿತ್ತು, ಮೂಗಿನ ಏಣು ಕೆನ್ನೆಯೊಳಗೆ ಕರಗಿತ್ತು. ಹಸಿರು ಸೀರೆ ಹತ್ತು ವರ್ಷ ಒಗೆದಷ್ಟು ಬಿಳಿಚಿತ್ತು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಪದ್ಮ ಒಮ್ಮೆ ನೋಡಿ, "ಯಾರಮ್ಮಾ ಇವ್ಳು, ಚೆನ್ನಾಗವ್ಳೆ" ಎಂದು ಹಿಂತಿರುಗಿಸಿ ದನಕ್ಕೆ ಹುಲ್ಲು ಹಾಕಲು ಹೋದಳು. ಅದನ್ನು ತಮಾಷೆ ಎಂದುಕೊಂಡು ನಾನೂ ನಕ್ಕೆ.

ಚಿತ್ತೆ ಮಳೆ ಹಿಡಿದಿದ್ದ ಒಂದು ಭಾನುವಾರ ಅವರು ಬಂದರು. ಗಂಡು, ಅವನ ತಂದೆ, ಅವನ ದೊಡ್ಡತ್ತೆ. ಅಮ್ಮ ಕೇಸರಿಬಾತು ಮಾಡಿದ್ದಳು. ಪದ್ಮ ಲೋಟಗಳ ತಟ್ಟೆ ಹಿಡಿದು ಬಂದು ನಿಂತಳು. ಆ ದೊಡ್ಡತ್ತೆಯ ಕೈಚೀಲದಲ್ಲಿ ಫೋಟೋ ಇತ್ತು. ತೆಗೆದು ನೋಡಿದಳು, ಪದ್ಮಳನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಬೇಕೆಂದು ಕೇಳಿದ ಮಾತಲ್ಲ ಅದು, ನಿಜವಾಗಿಯೂ ತಿಳಿಯದೆ ಕೇಳಿದ್ದು: "ಇವ್ಳು ದೊಡ್ಡೋಳಾಮ್ಮಾ? ಪೊಣ್ಣು ಎಲ್ಲಿ, ಹುಡ್ಗೀನ್ ಕರೀರಿ."

ತಟ್ಟೆಯ ಮೇಲಿನ ಲೋಟಗಳು ಅಲುಗಲಿಲ್ಲ. ಅದನ್ನೇ ನಾನು ನೋಡುತ್ತಿದ್ದೆ. "ನಾನೇ," ಎಂದಳು ಪದ್ಮ. ಎಲ್ಲರಿಗೂ ಒಂದೊಂದು ಲೋಟ ಕೊಟ್ಟು ಒಳಗೆ ಹೋದಳು. ಆಗ ನಾನು ಗಂಡಿನ ಮುಖ ನೋಡಿದೆ. ಅವನು ಪದ್ಮಳಿಗಿಂತ ಕಪ್ಪಗಿದ್ದ.

ಎರಡು ದಿನಕ್ಕೆ ಚೆನ್ನಪ್ಪ ಬಂದು ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದ. "ಬಣ್ಣಕ್ಕಲ್ವಂತಮ್ಮ. ಹುಡ್ಗ ಒಪ್ಪಿದ್ನಂತೆ. 'ಕರ್ರಗಿದ್ರೆ ನಮ್ಗೇನು, ನಾವೇನ್ ಬೆಳ್ಳಗಿದ್ದೀವಾ? ಫೋಟೋದಾಗೇ ಮೋಸ ಮಾಡೋರು ನಾಳೆ ಇನ್ನೇನ್ ಮಾಡ್ತಾರೋ' ಅಂದ್ರು. ನನ್ ಮರ್ವಾದೆನೂ ಹೋಯ್ತು." ಅದು ನೆಪವೋ ನಿಜವೋ ನನಗೆ ಇಂದಿಗೂ ತಿಳಿಯದು. ನಿಜವೆಂದೇ ನಂಬಿದ್ದೇನೆ. ಇದ್ದ ಮುಖವನ್ನೇ ಕಳಿಸಿದ್ದರೆ ಆ ಮದುವೆ ನಡೆಯುತ್ತಿತ್ತು.

ಅಮ್ಮ ತನ್ನ ತಪ್ಪನ್ನು ಯಾರ ತಲೆಗಾದರೂ ಕಟ್ಟಲೇಬೇಕಿತ್ತು. ನೇರ ಸ್ಟುಡಿಯೋದ ಮೆಟ್ಟಿಲು ಹತ್ತಿದಳು. "ಇದ್ ಮಕಾನ ಇದ್ದಂಗೆ ತೆಗೀತೀನಿ ಅಂತ ಊರಿಗೆಲ್ಲಾ ಹೇಳ್ಕೊಂಡ್ ತಿರುಗ್ತೀಯ, ನನ್ ಮಗ್ಳ್ ಬಾಳ್ ಹಾಳ್ ಮಾಡ್ಬುಟ್ಟಲ್ಲೋ" ಎಂದು, ಕೆಳಗೆ ಗೊಬ್ಬರ ಕೊಳ್ಳುತ್ತಿದ್ದವರೆಲ್ಲ ಕತ್ತೆತ್ತಿ ನೋಡುವಂತೆ ಕೂಗಿದಳು. ಮುನಿರಾಜಣ್ಣ ಫೋಟೋ ಈಸಿಕೊಂಡು, ಕಣ್ಣಿಗೆ ಅಂಟುವಷ್ಟು ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಎರಡ್ ಸ್ಟಾಪ್ ಜಾಸ್ತಿ," ಎಂದರು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ, "ರತ್ನ, ಅವತ್ತು ಮುಳ್ಳು ನಾಲ್ಕ್ರಾಗೇ ಇತ್ತು ತಾನೆ?"

ಹೇಳಬಹುದಿತ್ತು. ಅಮ್ಮ ಎದುರಿಗಿದ್ದಳು, ಅವಳೇ ಹೇಳಿಸಿದ್ದು. ಅವಳು ನನ್ನ ಮುಖ ನೋಡಲೇ ಇಲ್ಲ. "ನಾಲ್ಕೇ ಅಣ್ಣ," ಎಂದೆ. ಮೊದಲನೆಯ ಸುಳ್ಳನ್ನು ತಂಗಿಗಾಗಿ ಹೇಳಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಈ ಎರಡನೆಯದು ನನಗಾಗಿಯೇ ಹೇಳಿಕೊಂಡದ್ದು.

"ಹಂಗಾದ್ರೆ ಇದುಕ್ಕೂ ಕಣ್ ಹೋಯ್ತು," ಎಂದು ಅವರು ಮೀಟರನ್ನು ಹಳದಿ ಬಟ್ಟೆಯಲ್ಲಿ ಸುತ್ತಿದರು. ಅಮ್ಮನಿಗೆ ಕೈ ಮುಗಿದರು. ಅರವತ್ತು ದಾಟಿದ ಮನುಷ್ಯ, ಮಾಡದ ತಪ್ಪಿಗೆ ಕೈ ಮುಗಿದದ್ದನ್ನು ನಾನು ಗೋಡೆಗೊರಗಿ ನಿಂತು ನೋಡಿದೆ.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಪದ್ಮ ಪಾತ್ರೆ ಉಜ್ಜುತ್ತಿದ್ದಳು, ನಾನು ತೊಳೆದಿಡುತ್ತಿದ್ದೆ. ಅಮ್ಮ ಮುನಿರಾಜಣ್ಣನಿಗೆ ಉಗಿದು ಬಂದ ಕತೆಯನ್ನು ಹಿಂದಿನ ಸಂಜೆಯೆಲ್ಲ ಬೀದಿಗೆ ಹೇಳಿದ್ದಳು. ಪದ್ಮ ತಲೆಯೆತ್ತದೆ ಹೇಳಿದಳು:

"ಅಕ್ಕ, ಮುಳ್ಳು ಎಂಟ್ರ್ ಮ್ಯಾಲಿತ್ತು."

ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಗಲ್ಲದ ಕೆಳಗೇ ಹಿಡಿದಿದ್ದೆನಲ್ಲ, ಅವಳು ಕಣ್ಣು ಕೆಳಗೆ ಮಾಡಿದರೆ ಸಾಕಿತ್ತು. ಎರಡು ಸಲವೂ ನೋಡಿದ್ದಳು. ಒಂದೇ ಟಕ್ ಬಿದ್ದದ್ದನ್ನೂ ಕೇಳಿದ್ದಳು.

"ಗೊತ್ತಿದ್ದೂ ಯಾಕ್ ಸುಮ್ನಿದ್ದೆ?"

"ಏನಂತ ಹೇಳ್ಲಿ? ಅಮ್ಮ ಹಂಗೆ, ಅತ್ತೇರು ಹಂಗೆ, ಅದ್ ನಂಗೆ ಒಗ್ಗೋಗೈತೆ. ಈ ಮನ್ಯಾಗೆ ನನ್ ಬಣ್ಣ ಕಾಣದಿರೋಳು ನೀನೊಬ್ಳೇ ಅಂತ ಅನ್ಕೊಂಡಿದ್ದೆ."

ಅಷ್ಟು ಹೇಳಿ ಕೊನೆಯ ಪಾತ್ರೆಯನ್ನೂ ಉಜ್ಜಿ ನನ್ನ ಕಡೆ ಸರಿಸಿದಳು. ನನಗೆ ಅಳು ಬಂತು. ಅಳುವ ಹಕ್ಕು ಅಲ್ಲಿ ಅವಳಿಗಿತ್ತೇ ಹೊರತು ನನಗಲ್ಲ, ಆದರೂ ಅತ್ತೆ. ಅವಳು ಅಳಲಿಲ್ಲ.

ಸ್ವಾತಿ ಮಳೆ ಬರುವಷ್ಟರಲ್ಲಿ ಸ್ಟುಡಿಯೋದಲ್ಲಿ ಕೆಲಸವೇ ಇರಲಿಲ್ಲ. ಮುನಿರಾಜಣ್ಣ ಒಂದೆರಡು ಸಲ ಮೀಟರಿಲ್ಲದೆ ಅಂದಾಜಿನಲ್ಲಿ ತೆಗೆದರು. ಚೆನ್ನಾಗಿಯೇ ಬಂದವು. ಆದರೆ ಅವರಿಗೆ ತಮ್ಮ ಮೈಯ ಮೇಲೂ ನಂಬಿಕೆ ಹೋಗಿತ್ತು. ಎಂಟು ಎಂದು ಮೈ ಹೇಳಿದರೂ ನಾಲ್ಕಿರಬಹುದೇನೋ ಎಂದು ಅನುಮಾನಿಸುತ್ತ, ಉಂಗುರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ನಿಂತುಬಿಡುತ್ತಿದ್ದರು. ದೀಪಾವಳಿ ಕಳೆದ ವಾರ ಬಿಳಿ ಬಟ್ಟೆಯನ್ನು ಬಿಚ್ಚಿ ಮಡಿಸಿದರು. ನನಗೆ ಆ ಕನ್ನಡಕದ ಡಬ್ಬಿಯನ್ನು ಕೊಟ್ಟರು. "ಕೆಟ್ಟೋಗಿರೋದು. ಆದ್ರೂ ಮಡಿಕ್ಕೊ. ನನ್ ಜೊತೆ ನಿಯತ್ತಾಗಿ ಇದ್ದೋಳು ನೀನು." ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಮದುವೆಯಾಗಿ, ಹೊಸೂರಿಗೆ ಬಂದು, ಫ್ಯಾಕ್ಟರಿ ಸೇರಿದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ. ತಡವಾಗಿತ್ತು. ಅವರ ಫೋಟೋಗೆ ಹೂ ಹಾಕಿದ್ದರು. ಬಸ್‌ಸ್ಟ್ಯಾಂಡಿನ ಸ್ಟುಡಿಯೋದವನೇ ದೊಡ್ಡದು ಮಾಡಿ ಕೊಟ್ಟದ್ದಂತೆ, ಮುಖಕ್ಕೆ ಸುಣ್ಣ ಬಳಿದಿದ್ದ. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು, ಏನೂ ಹೇಳದೆ ಬಸ್ಸು ಹತ್ತಿದೆ.

ಪದ್ಮಳನ್ನು ನಾಟ್ರಾಂಪಾಳ್ಯದ ರೈತರ ಮನೆಗೆ ಕೊಟ್ಟರು. ಫೋಟೋ ಕಳಿಸಲಿಲ್ಲ. ಕಳಿಸಲು ಅವಳು ಬಿಡಲಿಲ್ಲ. ಬಂದು ನೋಡುವವರು ಬರಲಿ ಎಂದಳು. ಗಂಡ ಒಳ್ಳೆಯವನು, ಅವಳಿಗೆ ಊಟ ಬಟ್ಟೆಗೆ ಕೊರತೆಯಿಲ್ಲ. ಆದರೆ ಮದುವೆಯ ಆಲ್ಬಮ್ಮಿನಲ್ಲಿ ಒಂದು ಕಡೆಯೂ ಅವಳ ಮುಖ ನೇರವಾಗಿಲ್ಲ. ಈಗಲೂ ಯಾರಾದರೂ ಮೊಬೈಲ್ ಎತ್ತಿದರೆ ಮಗುವನ್ನು ಮುಂದಿಟ್ಟು ತಾನು ಹಿಂದೆ ಸರಿಯುತ್ತಾಳೆ. ಅವಳ ಹರೆಯದ ಫೋಟೋ ಎಂದು ನಮ್ಮ ಮನೆಯಲ್ಲಿ ಉಳಿದಿರುವುದು ಅಮ್ಮನ ಪೆಟ್ಟಿಗೆಯಲ್ಲಿರುವ ಆ ಬಿಳಿಚಿದ್ದೊಂದೇ. ನನ್ನೊಡನೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಅವರೆಕಾಯಿ ಕಟ್ಟಿಕೊಡುತ್ತಾಳೆ. ಮುದ್ದೆ ಬಣ್ಣದ ತಮಾಷೆಯನ್ನು ಮಾತ್ರ ಮತ್ತೆ ಆಡಿಲ್ಲ.

ಬೆಳಕು ಅಳೆಯುವವರು ಬಂದುಹೋದ ಮುಂದಿನ ಭಾನುವಾರ ಕನ್ನಡಕದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಪದ್ಮಳ ಊರಿಗೆಂದು ಅಂಚೆಟ್ಟಿಯ ಬಸ್ಸು ಹಿಡಿದೆ. ಯಾಕೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮೋಡ ಮುಚ್ಚಿತ್ತು. ನಾಟ್ರಾಂಪಾಳ್ಯದಲ್ಲಿ ರಾಗಿ ತೆನೆ ಬಲಿಯುತ್ತಿತ್ತು, ಆನೆ ಕಾಯಲು ಹೊಲಗಳಲ್ಲಿ ಅಟ್ಟಣೆ ಕಟ್ಟಿದ್ದರು. ಪದ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಊಟವಾಗಿ ಅವಳು ಮತ್ತೆ ಮೊರ ಹಿಡಿದ ಮೇಲೆ ಡಬ್ಬಿ ತೆಗೆದೆ. ಹಳದಿ ಬಟ್ಟೆ ಕಂಡೊಡನೆ ಅವಳ ಮೊರ ನಿಂತಿತು.

"ಫೋಟೋ ಬ್ಯಾಡಕ್ಕ."

"ಕ್ಯಾಮೆರಾ ತಂದಿಲ್ಲ ಕಣೇ. ಮೀಟರ್ ಒಂದೇ." ಆಮೇಲೆ ಇಷ್ಟು ವರ್ಷ ಹೇಳಲಾಗದ್ದನ್ನು ಹೇಳಿದೆ. ಮುನಿರಾಜಣ್ಣ ಸಾಯುವವರೆಗೂ ಇದು ಕೆಟ್ಟಿದೆ ಎಂದೇ ನಂಬಿದ್ದರು, ನಾನು ಹೇಳಲಿಲ್ಲ. ನಿನಗೂ ತಪ್ಪಾಯಿತು ಎಂದು ಹೇಳಲಿಲ್ಲ. ತಪ್ಪಾಯಿತು ಪದ್ಮ.

ಅವಳು ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ಮೀಟರನ್ನು ಈಸಿಕೊಂಡಳು. ಹಿಂದಿನಂತೆ ಅಂಗೈಯಿಂದ ಮುಚ್ಚಿದಳು, ತೆಗೆದಳು. ಮುಳ್ಳು ಸರಕ್ಕನೆ ಎದ್ದಿತು. ಗುಬುಟನ್ನು ನನ್ನ ಕಡೆ ತಿರುಗಿಸಿ ತನ್ನ ಗಲ್ಲದ ಕೆಳಗೆ ತಾನೇ ಹಿಡಿದುಕೊಂಡು, ನೇರವಾಗಿ ನನ್ನ ಮುಖ ನೋಡಿದಳು. ಹುಬ್ಬಿನ ಮೇಲಿನ ಗೆರೆ, ಮೂಗಿನ ಪಕ್ಕದ ಮಚ್ಚೆ, ಎಲ್ಲವೂ ಅಲ್ಲೇ ಇದ್ದವು.

"ಎಷ್ಟಕ್ಕ? ಓದು."

ನಾನು ಬಗ್ಗಿ ನೋಡಿದೆ. "ಎಂಟು," ಎಂದೆ.

ಪದ್ಮ ಹೂಂ ಎಂದಳು. ಆಮೇಲೆ ತಲೆ ತಗ್ಗಿಸಿ, ಮುಳ್ಳನ್ನು ತಾನೂ ಒಮ್ಮೆ ನೋಡಿಕೊಂಡಳು.